ಮೂರನೇ ಕ್ಲಾಸಿಗೆ ಸೇರಿದ ನನ್ನ ಹೆಲ್ಮೆಟ್

ಕೊಳ್ಳೇಗಾಲದಲ್ಲಿ ಸಂಸಾರ ಹೂಡಿರುವ ಗಂಡಸರ ಪೈಕಿ ರೇಷ್ಮೆ ಹುಳುವಿನ ವಿಚಾರದಲ್ಲಿ ನನ್ನಷ್ಟು ಆತ್ಮವಿಶ್ವಾಸ ಉಳ್ಳವನು ಇನ್ನೊಬ್ಬನಿರಲಿಲ್ಲ. ಆತ್ಮವಿಶ್ವಾಸ ಎಂದೆ, ಗಮನಿಸಿ. ತಿಳಿವಳಿಕೆಯ ಮಾತು ಬೇರೆ. ಅದು ಬರಬೇಕಾದರೆ ಮೊದಲು ಹುಳುಮನೆಯೊಳಗೆ ಕಾಲಿಡಬೇಕು. ಯಳಂದೂರು ಕಡೆಯ ಹಳ್ಳಿಯಲ್ಲಿ ಹುಳು ಸಾಕುವ ನನ್ನ ಮಾವ ಪುಟ್ಟಸಿದ್ದಯ್ಯನವರು ಮದುವೆಯಾದಾಗಿನಿಂದ ನನಗೆ ಊಟ, ಉಪಚಾರ, ಹಬ್ಬಕ್ಕೆ ಬಟ್ಟೆ ಎಲ್ಲವನ್ನೂ ಕೊಟ್ಟಿದ್ದಾರೆ. ಹುಳುಮನೆಗೆ ಪ್ರವೇಶ ಮಾತ್ರ ಕೊಟ್ಟಿಲ್ಲ. ಮೊದಲ ಸಲ ಅಳಿಯನಾಗಿ ಹೋದ ದಿನ ನಾನು ಮೈತುಂಬ ಸೆಂಟು ಹೊಡೆದುಕೊಂಡಿದ್ದೆ. ಸೆಂಟು, ಊದುಬತ್ತಿ, ಸೊಳ್ಳೆಬತ್ತಿ, ನಶ್ಯ, ಯಾವುದರ ವಾಸನೆಯೂ ಹುಳುಗಳಿಗೆ ಆಗುವುದಿಲ್ಲವಂತೆ. ಮಾವ ಬಾಗಿಲಿಗೆ ಕೈ ಅಡ್ಡ ಹಿಡಿದು, "ಅಳೀದೇವ್ರು ಜಗಲಿ ಮ್ಯಾಲೇ ಕೂತ್ಕಳಿ, ಗಾಳಿ ಚೆನ್ನಾಗ್ ಬತ್ತದೆ" ಎಂದರು. ಅಂದಿನಿಂದ ಆ ಜಗಲಿಯೇ ನನ್ನ ಖಾಯಂ ಪೋಸ್ಟಿಂಗ್ ಆಗಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ನನ್ನ ಮಗಳು ಕೋಮಲಳ ಶಾಲೆಯ ವಾಟ್ಸಾಪ್ ಗುಂಪಿಗೆ ಮಿಸ್ ಕಳಿಸುವ ವಾರದ ಸಂದೇಶ ಬಂತು. ಮೂರನೇ ತರಗತಿಯ ಮಕ್ಕಳು ಈ ವಾರ ಕನ್ನಡದಲ್ಲಿ ಒತ್ತಕ್ಷರ, ಗಣಿತದಲ್ಲಿ ಭಾಗಾಕಾರ, ಪರಿಸರ ಅಧ್ಯಯನದಲ್ಲಿ ಕೀಟಗಳ ಬೆಳವಣಿಗೆಯ ಹಂತಗಳನ್ನು ಕಲಿಯುತ್ತಾರೆ. ಮೊಟ್ಟೆ, ಹುಳು, ಗೂಡು, ಚಿಟ್ಟೆ. ಶನಿವಾರ ಯಾವ ಮಗುವಾದರೂ ಜೀವಂತ ಮಾದರಿ ತಂದು ತರಗತಿಯ ಮುಂದೆ ನಿಂತು ಮಾತಾಡಬಹುದು. ಉಳಿದ ತಂದೆತಾಯಿಗಳೆಲ್ಲ ಹೆಬ್ಬೆರಳಿನ ಚಿತ್ರ ಒತ್ತಿ ಕೈ ತೊಳೆದುಕೊಂಡರು. ನಾನು ಎದೆಯುಬ್ಬಿಸಿ, "ಕೋಮಲ ರೇಷ್ಮೆ ಹುಳು ತರುತ್ತಾಳೆ" ಎಂದು ಬರೆದೆ!

ಇದರಲ್ಲಿ ಬರೀ ಜಂಬ ಇರಲಿಲ್ಲ. ನನ್ನ ಮಗಳು ಮನೆಯಲ್ಲಿ ಮಾತಿನ ಮಲ್ಲಿ, ಕ್ಲಾಸಿನಲ್ಲಿ ಬಾಯಿ ಬಿಡದ ಮೂಗಿ. ಕಳೆದ ಪೋಷಕರ ಸಭೆಯಲ್ಲಿ ಮಿಸ್ ನಗುತ್ತಲೇ, "ಕೋಮಲಳ ಧ್ವನಿ ಹೇಗಿದೆ ಅಂತ ನನಗಿನ್ನೂ ಗೊತ್ತಿಲ್ಲ ಸಾರ್" ಎಂದಿದ್ದರು. ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತ್ತು. ನಾನು ಕಳಿಸಿದ ಸಂದೇಶವನ್ನು ಕೋಮಲ ಅಕ್ಷರ ಕೂಡಿಸಿ ಓದಿದಳು. ಮೆಲ್ಲಗೆ, "ಹುಳ ಕೈಲಿದ್ರೆ ಮಾತಾಡ್ತೀನಪ್ಪ" ಎಂದಳು. ಅಲ್ಲಿಗೆ ಮುಗಿಯಿತು. ಆ ಹುಳುಗಳನ್ನು ಶನಿವಾರದವರೆಗೆ ಪ್ರಾಣ ಕೊಟ್ಟಾದರೂ ಕಾಪಾಡುತ್ತೇನೆಂದು ನಾನು ಅಲ್ಲೇ ಶಪಥ ಮಾಡಿದೆ.

ಹೆಂಡತಿ ಯಶೋದಳಿಗೆ ಈ ಶಪಥ ಸ್ವಲ್ಪವೂ ಹಿಡಿಸಲಿಲ್ಲ. "ರೀ, ಹುಳುಮನೇಲಿ ಸೊಪ್ಪು ಕುಯ್ದು ಕುಯ್ದು ಸಾಕಾಗಿ, ಆಫೀಸ್ನೋರೇ ಬೇಕು ಅಂತ ಹಟ ಮಾಡಿ ನಿಮ್ಮನ್ನ ಕಟ್ಕಂಡೋಳು ನಾನು. ಈಗ ನೀವೇ ಹುಳ ತತ್ತೀನಿ ಅಂತೀರಲ್ಲ" ಎಂದಳು. ನೀನು ಬೆರಳು ಕೂಡ ಅಲ್ಲಾಡಿಸಬೇಡ, ಸಂಪೂರ್ಣ ಜವಾಬ್ದಾರಿ ನನ್ನದು ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅಡುಗೆಮನೆಗೆ ಹೋದಳು.

ಅದೇ ಮಧ್ಯಾಹ್ನ ಕೋಮಲಳನ್ನು ಬೈಕಿನಲ್ಲಿ ಕೂರಿಸಿಕೊಂಡು ಯಳಂದೂರು ದಾರಿ ಹಿಡಿದೆ. ಎಂದಿನಂತೆ ಜಗಲಿ. ನನ್ನ ಜೊತೆಗೆ ಮೊಮ್ಮಗಳಿಗೂ ಹೊರಗೇ ಜಾಗ, ಏಕೆಂದರೆ ಸಣ್ಣ ಮಕ್ಕಳು ಸುಮ್ಮನಿರದೆ ಹುಳುಗಳನ್ನು ಮುಟ್ಟುತ್ತಾರೆಂಬ ಭಯ ಮಾವನಿಗೆ. ಅತ್ತೆ ಪುಟ್ಟಮಾದಮ್ಮನವರೇ ಒಳಗಿನಿಂದ ಒಂದು ಹಿಡಿ ಹುಳುಗಳನ್ನು ತಂದು ನಾನು ತಂದಿದ್ದ ಶೂ ಡಬ್ಬಕ್ಕೆ ಹಾಕಿದರು. ಬೆರಳುದ್ದದ, ಬೆಳ್ಳನೆಯ, ದುಂಡು ದುಂಡನೆಯ ಹುಳುಗಳು. ಜೊತೆಗೊಂದು ಚೀಲ ಹಿಪ್ಪುನೇರಳೆ ಸೊಪ್ಪು. ಆಮೇಲೆ ಅವರು ಕೋಮಲಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಏನೇನೋ ವಿವರಿಸಿದರು. ನನ್ನ ಕಿವಿ ಅತ್ತ ಇರಲಿಲ್ಲ. ಗುಂಪಿನಲ್ಲಿ ನನಗೆ ಶಭಾಷ್‌ಗಿರಿಗಳು ಬಂದು ಬೀಳುತ್ತಿದ್ದವು. ಒಬ್ಬೊಬ್ಬರಿಗೂ ಕೈಮುಗಿಯುವ ಚಿತ್ರ ಕಳಿಸುವುದರಲ್ಲಿ ನಾನು ಮುಳುಗಿದ್ದೆ.

ತಲೆ ಎತ್ತಿದಾಗ ಅತ್ತೆ ಆಳೆತ್ತರದ ಬಿದಿರು ತಟ್ಟಿಯೊಂದನ್ನು ನನ್ನ ಮುಂದೆ ಹಿಡಿದು ನಿಂತಿದ್ದರು. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕಟ್ಟಿತ್ತು. "ಈ ಚಂದ್ರಿಕೆನೂ ತಕಂಡೋಗಿ ಅಳೀದೇವ್ರೆ, ಬೇಕಾಯ್ತದೆ" ಎಂದರು. ಹಪ್ಪಳ ಒಣಹಾಕುವ ತಟ್ಟಿಯನ್ನು ತಮ್ಮ ಮಗಳಿಗೆಂದು ಕೊಡುತ್ತಿದ್ದಾರೆ ಎಂದುಕೊಂಡೆ. ಬೈಕಿನಲ್ಲಿ ಮಗಳು, ಸೊಪ್ಪಿನ ಚೀಲ, ಹುಳುವಿನ ಡಬ್ಬ. ಅದರ ಮೇಲೆ ಈ ತಟ್ಟಿ ಬೇರೆ ಎಲ್ಲಿಡಲಿ? "ನಮ್ಮನೇಲಿ ಎಲ್ಲಾ ಅವೆ ಅತ್ತೆ" ಎಂದು ಬೈಕ್ ಒದ್ದೆ. ಕೋಮಲ ಏನೋ ಹೇಳಲು ಹೊರಟಳು. ಗಾಳಿಯಲ್ಲಿ ಬಾಯಿ ತೆಗೆದರೆ ಧೂಳು ಹೋಗುತ್ತದೆ, ಸುಮ್ಮನೆ ಕೂತಿರು ಎಂದೆ.

ಮನೆಗೆ ಬಂದವನೇ ಕಾನೂನು ಜಾರಿ ಮಾಡಿದೆ. ಸೊಳ್ಳೆಬತ್ತಿ ನಿಷೇಧ. ಒಣಮೆಣಸಿನಕಾಯಿ ಒಗ್ಗರಣೆ ನಿಷೇಧ. ಮುಖಕ್ಕೆ ಪೌಡರ್ ಹಾಕಿದವರು ಹುಳುವಿನ ಡಬ್ಬವಿಟ್ಟ ನನ್ನ ರೂಮಿನೊಳಗೆ ಬರುವುದು ನಿಷೇಧ. ಮಾವ ನನಗೆ ಮಾಡಿದ್ದನ್ನೆಲ್ಲ ನಾನು ಮನೆಮಂದಿಗೆ ಬಡ್ಡಿ ಸಮೇತ ಮಾಡಿದೆ. ಯಶೋದ, "ಪೌಡರ್ ಹಾಕೋಳು ಈ ಮನೇಲಿ ನಾನೊಬ್ಳೆ. ಸಂತೋಷವೇ ಆಯ್ತು, ಆ ರೂಮಿನ ಕಡೆ ತಿರುಗಿ ಕೂಡ ನೋಡಲ್ಲ" ಎಂದಳು. ಮನೆಯಲ್ಲಿದ್ದ, ಹುಳು ಸಾಕಿ ಬೆಳೆದ ಒಬ್ಬಳೇ ಒಬ್ಬ ಬಲ್ಲವಳನ್ನು ನಾನೇ ಕೈಯಾರೆ ಹೊರಗಟ್ಟಿದ್ದೇನೆಂಬುದು ನನಗೆ ಹೊಳೆಯಲೇ ಇಲ್ಲ.

ಕಷ್ಟವಾದದ್ದು ನನ್ನ ಅಮ್ಮನದು. ಅಮ್ಮ ಚಿಕ್ಕಮಾದಮ್ಮ ಬೆಟ್ಟದ ದಾರಿಯ ಕೌದಳ್ಳಿಯವಳು. ಬೆಟ್ಟದ ಮಾದಪ್ಪನಿಗೆ ಸೋಮವಾರ ಸಾಂಬ್ರಾಣಿ ಹಾಕದೆ ಬಾಯಿಗೆ ನೀರು ಬಿಟ್ಟುಕೊಳ್ಳುವವಳಲ್ಲ. ಹೊಗೆ ಆಗದು ಎಂದೆ. "ಉಳಕ್ಕೆ ಆಗಲ್ಲ ಅಂತ ಮಾದಪ್ಪುನ್ಗೆ ತಪ್ಪಿಸ್ಲಾ?" ಎಂದಳು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮಾದಪ್ಪನ ಪಟ ಹೊರಗಿನ ವರಾಂಡಕ್ಕೆ ವರ್ಗವಾಯಿತು, ಅಮ್ಮ ಅಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತು ಧೂಪ ಹಾಕಿದಳು. ಹಾದುಹೋಗುವವರೆಲ್ಲ ಮನೆ ಖಾಲಿ ಮಾಡುತ್ತೀರಾ ಎಂದು ವಿಚಾರಿಸಿದರು. ಇತ್ತ ಬತ್ತಿಯಿಲ್ಲದ ಮನೆಗೆ ಕೊಳ್ಳೇಗಾಲದ ಸೊಳ್ಳೆಗಳೆಲ್ಲ ನೆಂಟರಿಷ್ಟರನ್ನು ಕರೆದುಕೊಂಡು ಬಂದವು. ಬೆಳಿಗ್ಗೆ ನನ್ನ ಮುಖ ನೋಡಿ ಆಫೀಸಿನಲ್ಲಿ ಸಿಡುಬಾಗಿದೆಯಾ ಎಂದು ಕೇಳಿದರು.

ಅಷ್ಟಾದರೂ ಹುಳುಗಳು ಚೆನ್ನಾಗಿದ್ದವು. ತಿನ್ನುವ ಸದ್ದು ಹಂಚಿನ ಮೇಲೆ ತುಂತುರು ಬಿದ್ದಂತೆ ಕೇಳುತ್ತಿತ್ತು. ಕೋಮಲ ಶಾಲೆಯಿಂದ ಬಂದೊಡನೆ ಕೈ ತೊಳೆದು, ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಕನ್ನಡಿ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಳು. ಮೊದಲು ಪಿಸುಮಾತು, ಮಾರನೆಯ ದಿನ ಸ್ವಲ್ಪ ಜೋರು. ಬಾಗಿಲ ಸಂದಿಯಿಂದ ನೋಡಿ ನನಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ನಿಜವಾಗಿಯೂ ಹೊಟ್ಟೆ ತುಂಬಿದ್ದು ಮಂಗಳವಾರ ಸಂಜೆ. ಸೊಪ್ಪು ಬಾಡಬಾರದೆಂದು ಚೀಲವನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಅಂದು ಮುದ್ದೆಗೆ ಮಸ್ಸೊಪ್ಪಿನ ಸಾರು. ಬಿಸಿಬಿಸಿ ಸಾರು, ಮೇಲೆ ತುಪ್ಪ. ಎರಡನೇ ಮುದ್ದೆ ಹಾಕಿಸಿಕೊಂಡು, ಯಾವ ಸೊಪ್ಪಮ್ಮ ಇದು, ಇಷ್ಟು ರುಚಿ ಎಂದೆ.

"ನೀನೇ ತಂದು ಪ್ರಿಜ್ಜಲ್ಲಿ ಮಡಗಿದ್ದಲ್ಲ ಮಗ, ಅದೇಯ" ಎಂದಳು ಅಮ್ಮ. "ಒಸಿ ಬಲ್ತಿತ್ತು. ಚೆನ್ನಾಗ್ ಬೇಯಿಸ್ಬುಟ್ಟೆ."

ಕೌದಳ್ಳಿಯ ಹೆಂಗಸಿನ ಕೈಗೆ ಹಸಿರು ಎಲೆ ಸಿಕ್ಕಿದರೆ ಅದು ಸಾರಾಗದೆ ಉಳಿಯುವುದಿಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಕೋಮಲ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗಿಟ್ಟು, "ಹುಳದ ಊಟಾನ ನಾವು ಉಂಡ್ಬುಟ್ವಾ ಅಪ್ಪ?" ಎಂದಳು. ಯಶೋದ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ಅಳಲು ಹೋದಳೆಂದು ನಾನು ತಿಳಿದೆ. ಅಡುಗೆಮನೆಯಿಂದ ಕೇಳಿದ ಸದ್ದು ಅಳುವಿನದಾಗಿರಲಿಲ್ಲ.

ಬುಧವಾರ ಬೆಳಗಾಗುತ್ತಲೇ ಬೈಕ್ ಹತ್ತಿ ಊರ ಹೊರಗಿನ ಹಿಪ್ಪುನೇರಳೆ ತೋಟಗಳ ಮುಂದೆ ಅಲೆದೆ. ಮಾವನನ್ನು ಕೇಳಬಹುದಿತ್ತು, ಆದರೆ ಸೊಪ್ಪನ್ನು ಸಾರು ಮಾಡಿ ಉಂಡೆವೆಂದು ಯಾವ ಬಾಯಲ್ಲಿ ಹೇಳಲಿ? ಕೊನೆಗೊಬ್ಬ ರೈತ, ನನ್ನ ಸೊಳ್ಳೆ ಕಚ್ಚಿದ ಮುಖ ನೋಡಿ, ಏನೋ ಔಷಧಿಗೆ ಬೇಕಿರಬೇಕೆಂದು ಕನಿಕರಪಟ್ಟು ಒಂದು ಹೊರೆ ಕುಯ್ದುಕೊಳ್ಳಲು ಬಿಟ್ಟ. ಬರುವ ದಾರಿಯಲ್ಲಿ ಮಳೆ. ಒದ್ದೆ ಸೊಪ್ಪು ಹಾಕಬಾರದೆಂಬುದೊಂದು ನನಗೆ ಗೊತ್ತಿತ್ತು. ಒಂದೊಂದೇ ಎಲೆಯನ್ನು ಟವಲಿನಲ್ಲಿ ಒರೆಸಿ ಫ್ಯಾನಿನ ಕೆಳಗೆ ಹರವಿದೆ. ಮಗಳು ಹುಟ್ಟಿದಾಗ ಅವಳ ತಲೆಯನ್ನೂ ನಾನು ಅಷ್ಟು ಅಕ್ಕರೆಯಿಂದ ಒರೆಸಿರಲಿಲ್ಲ ಎಂದು ಯಶೋದ ಇಂದಿಗೂ ಹೇಳುತ್ತಾಳೆ.

ಇಷ್ಟು ಮಾಡಿದರೂ ಗುರುವಾರ ಬೆಳಿಗ್ಗೆ ಡಬ್ಬ ತೆಗೆದರೆ ಒಂದು ಹುಳುವೂ ಸೊಪ್ಪು ಮುಟ್ಟಿಲ್ಲ. ದುಂಡಗಿದ್ದ ಮೈ ಕುಗ್ಗಿ, ಹಳದಿಗೆ ತಿರುಗಿ, ಗಾಜಿನಂತೆ ಆಚೆಬದಿ ಕಾಣುತ್ತಿದೆ. ಎಲ್ಲವೂ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿವೆ. ಪಕ್ಕದಲ್ಲಿ ನಿಂತಿದ್ದ ಕೋಮಲ, "ಯಳಂದೂರಜ್ಜಿ ಹೇಳಿತ್ತಲ್ಲಪ್ಪ, ತಲೆ ಎತ್ತುತವೆ ಅಂತ" ಎಂದು ಶುರು ಮಾಡಿದಳು. ನಿನಗೆ ಗೊತ್ತಾಗುವುದಿಲ್ಲ, ಸ್ಕೂಲಿಗೆ ಹೊರಡು ಎಂದೆ. ಇದು ಕಾಯಿಲೆ, ಉಸಿರಾಡಲು ಗಾಳಿ ಸಾಲದೆ ಬಂದ ಕಾಯಿಲೆ ಎಂದು ನಾನೇ ರೋಗ ಕಂಡುಹಿಡಿದು, ನಾನೇ ಚಿಕಿತ್ಸೆ ಬರೆದೆ. ಮುಚ್ಚಳ ತೆಗೆದು ಡಬ್ಬವನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲಿಟ್ಟೆ. ಅದಕ್ಕೆ ತಾಗಿಕೊಂಡೇ ಗೋಡೆಯ ಮೊಳೆಗಳಲ್ಲಿ ನನ್ನ ಕೊಡೆ, ಹಳೆಯ ಬ್ಯಾಗು, ಹೆಲ್ಮೆಟ್ ನೇತಾಡುತ್ತವೆ. ಹೆಲ್ಮೆಟ್ ಇಳಿಯುವುದು ಸರ್ಕಲ್ಲಿನಲ್ಲಿ ಪೊಲೀಸರು ನಿಂತಿದ್ದಾರೆಂಬ ಸುದ್ದಿ ಬಂದ ದಿನ ಮಾತ್ರ. ಗಾಳಿ ಚೆನ್ನಾಗಿ ಬರುತ್ತದೆ ಎಂದು ಹುಳುಗಳಿಗೆ ಹೇಳಿ, ರೂಮಿನ ಬಾಗಿಲೆಳೆದುಕೊಂಡು ಆಫೀಸಿಗೆ ಹೋದೆ.

ಸಂಜೆ ಬಂದು ನೋಡಿದರೆ ಡಬ್ಬದಲ್ಲಿ ಸೊಪ್ಪಿದೆ, ಹುಳುಗಳಿಲ್ಲ!

ನೆಲದ ಮೇಲೆ ಮಲಗಿ ಹುಡುಕಿದೆ. ಮಂಚದ ಕೆಳಗೆ, ಬೀರುವಿನ ಹಿಂದೆ ಟಾರ್ಚ್ ಬಿಟ್ಟು ಹುಡುಕಿದೆ. ಗೋಡೆಯ ಮೇಲೆ ನಮ್ಮ ಮನೆಯ ಹಲ್ಲಿ ಕೂತಿತ್ತು. ಅನುಮಾನದಿಂದ ಅದನ್ನೇ ದಿಟ್ಟಿಸಿದೆ. ಎಂದಿನಂತೆ ಬಡಕಲಾಗಿಯೇ ಇತ್ತು, ಔತಣ ಉಂಡ ಲಕ್ಷಣವಿರಲಿಲ್ಲ. ಹೆಂಡತಿಗೆ ಹೇಳಲು ಮರ್ಯಾದೆ ಬಿಡಲಿಲ್ಲ. ಮುಚ್ಚಳ ಮುಚ್ಚಿದೆ. ಹುಳುಗಳು ವಿಶ್ರಾಂತಿಯಲ್ಲಿವೆ, ಯಾರೂ ತೆರೆಯಕೂಡದು ಎಂದು ಮನೆಮಂದಿಗೆಲ್ಲ ಸಾರಿದೆ.

ಶುಕ್ರವಾರ ಸಂಜೆ ಕೋಮಲ ತೆರೆದೇಬಿಟ್ಟಳು. ನಾಳೆಯ ಭಾಷಣವನ್ನು ಕೊನೆಯ ಸಲ ಅಭ್ಯಾಸ ಮಾಡಬೇಕಿತ್ತು ಅವಳಿಗೆ. ನಾನು ರೂಮಿಗೆ ಬಂದಾಗ ಖಾಲಿ ಡಬ್ಬದ ಮುಂದೆ ನಿಂತಿದ್ದಳು. ಮುಚ್ಚಳವನ್ನು ಮತ್ತೆ ಸರಿಯಾಗಿ ಮುಚ್ಚಿದಳು. "ನಾಳೆ ನಾನು ಸ್ಕೂಲ್ಗೆ ಹೋಗಲ್ಲ" ಎಂದು ನನ್ನ ಅಮ್ಮನ ಪಕ್ಕ ಹೋಗಿ ಮುಖ ಮುಚ್ಚಿಕೊಂಡು ಮಲಗಿದಳು. ನನಗೆ ನನ್ನ ಮೇಲೆ ಅಷ್ಟು ಕೋಪ ಯಾವತ್ತೂ ಬಂದಿರಲಿಲ್ಲ.

ಯಶೋದ ನನ್ನನ್ನು ಎಳೆದು ನಿಲ್ಲಿಸಿ ವಿಚಾರಣೆ ಮಾಡಿದಳು. "ಸೊಪ್ಪು ತಿನ್ನೋದು ಬುಟ್ಟಿದ್ವಾ? ಮೈ ಹಳದಿ ಆಗಿತ್ತಾ?"

ಇಲ್ಲಿ ನಾನು ನಿಜ ಹೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಆರೈಕೆಯಲ್ಲಿ ಹುಳುಗಳು ರೋಗ ಬಿದ್ದವೆಂದು ಒಪ್ಪಿಕೊಳ್ಳುವುದು ಹೇಗೆ? "ಇಲ್ಲಪ್ಪ, ಗುಂಡುಕಲ್ಲಿನ ಹಾಗೆ ಇದ್ವು. ಚೆನ್ನಾಗಿ ತಿಂತಿದ್ವು" ಎಂದುಬಿಟ್ಟೆ. ಹಾಗಾದರೆ ಇಲಿಯದೇ ಕೆಲಸ ಎಂದು ಅವಳು ತೀರ್ಮಾನಿಸಿದಳು.

ಶನಿವಾರ ಬೆಳಿಗ್ಗೆ ಬೇಗ ಎದ್ದು ಚಪಾತಿ ಹಿಟ್ಟು ಕಲಸಿದೆ. ಬೆರಳುದ್ದದ ಹುಳುಗಳನ್ನು ಹೊಸೆದು, ಸಾಸಿವೆಯ ಕಣ್ಣಿಟ್ಟು, ಉಳಿದ ಸೊಪ್ಪಿನ ಮೇಲೆ ಸಾಲಾಗಿ ಮಲಗಿಸಿದೆ. ಜೀವಂತವಲ್ಲ, ನಿಜ, ಆದರೆ ಮಾದರಿ ಮಾದರಿಯೇ. ನೀನು ಬಾಯಿ ಬಿಡುವುದು ಬೇಡ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಮಗಳನ್ನು ಪುಸಲಾಯಿಸಿ ಹೊರಡಿಸಿದೆ. ಅಷ್ಟರಲ್ಲಿ ಸರ್ಕಲ್ಲಿನಲ್ಲಿ ಪೊಲೀಸರು ನಿಂತಿದ್ದಾರೆಂದು ಪಕ್ಕದ ಮನೆಯವರು ಕೂಗಿ ಹೇಳಿದರು. ಮೊಳೆಯಿಂದ ಹೆಲ್ಮೆಟ್ ಎಳೆದು ತಲೆಗೆ ತುರುಕಿಕೊಂಡೆ. ಯಾಕೋ ಬಿಗಿಯೆನ್ನಿಸಿತು. ಕಿವಿಯ ಹತ್ತಿರ ಮೆತ್ತಗೆ ಏನೋ ಒತ್ತುತ್ತಿತ್ತು. ಚಿಂತೆಯಿಂದ ತಲೆಯೇ ಊದಿಕೊಂಡಿರಬೇಕು ಎಂದುಕೊಂಡೆ.

ಕ್ಲಾಸಿನಲ್ಲಿ ಮಿಸ್ ನಗುಮುಖದಿಂದ ಸ್ವಾಗತಿಸಿದರು. ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು, ಗಂಭೀರವಾಗಿ ಡಬ್ಬ ತೆರೆದೆ. ಮಕ್ಕಳು ಮುತ್ತಿಕೊಂಡರು. ಮುಂದಿದ್ದ ಒಬ್ಬಳು ಒಂದು ಹುಳುವನ್ನು ಹಿಡಿದಳು, ಅದು ಚಪ್ಪಟೆಯಾಯಿತು. "ಮಿಸ್, ಇದು ಇಟ್ಟು" ಎಂದಳು. ಮಿಸ್ ತುಟಿ ಕಚ್ಚಿಕೊಂಡು ಕಪ್ಪುಹಲಗೆಯ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡೆ. ಮಕ್ಕಳೇ, ನಿಜವಾದ ಹುಳುಗಳು ತೀವ್ರ ಕಾಯಿಲೆಗೆ ತುತ್ತಾಗಿ ಗುರುವಾರ ನಮ್ಮನ್ನಗಲಿದವು, ಊಟ ಬಿಟ್ಟವು, ಮೈ ಹಳದಿಯಾಯಿತು, ತಲೆ ಎತ್ತಿ ಒದ್ದಾಡಿದವು ಎಂದು ಶೋಕಭಾಷಣ ಆರಂಭಿಸಿದೆ.

"ಅದು ಕಾಯ್ಲೆ ಅಲ್ಲ."

ಯಾರ ಧ್ವನಿಯೆಂದು ಮಿಸ್ ಸುತ್ತ ನೋಡಿದರು. ನನಗೆ ನೋಡಬೇಕಾಗಿರಲಿಲ್ಲ. ಬೆಂಚಿನ ಪಕ್ಕ ಕೋಮಲ ಎದ್ದು ನಿಂತಿದ್ದಳು, ಕಿವಿ ಕೆಂಪಗಾಗಿತ್ತು.

"ಸತ್ತಿಲ್ಲ ಮಿಸ್. ಬಲ್ತು ಅಣ್ಣಾಗವೆ. ಅಣ್ಣಾದ್ರೆ ಉಳ ಸೊಪ್ಪು ತಿನ್ನಲ್ಲ. ಮೈ ಅಳದಿ ಆಯ್ತದೆ, ತಲೆ ಎತ್ತಿ ಗೂಡು ಕಟ್ಟಕ್ಕೆ ಜಾಗ ಉಡುಕ್ತದೆ. ಚಂದ್ರಿಕೆ ಮ್ಯಾಲೆ ಬುಟ್ರೆ ಅಲ್ಲೇ ಕಟ್ತದೆ, ಇಲ್ದಿದ್ರೆ ಎಲ್ಲಿ ಸಂದಿ ಸಿಕ್ತದೋ ಅಲ್ಲೋಯ್ತದೆ. ನಮ್ಮಜ್ಜಿ ಎಲ್ಲಾ ಯೇಳಿತ್ತು. ಚಂದ್ರಿಕೆನೂ ಕೊಡ್ತು. ನಮ್ಮಪ್ಪ ಫೋನ್ ನೋಡ್ತಿತ್ತು, ಬ್ಯಾಡ ಅಂದ್ಬುಡ್ತು."

ಮನೆಯಲ್ಲಿ ಅಷ್ಟು ದಿನ ಅಭ್ಯಾಸ ಮಾಡಿದ ಪುಸ್ತಕದ ಕನ್ನಡ ಎಲ್ಲಿ ಹೋಯಿತೋ, ಅಜ್ಜಿಯ ಮಾತು ಅಜ್ಜಿಯ ಬಾಯಲ್ಲೇ ಬಂದಂತೆ ಬಂತು. ಅವಳು ಮಾತಾಡುತ್ತಲೇ ಮೇಜಿನ ಹತ್ತಿರ ಬಂದಳು, ಮಗುಚಿ ಇಟ್ಟಿದ್ದ ನನ್ನ ಹೆಲ್ಮೆಟ್ಟಿನೊಳಗೆ ಇಣುಕಿದಳು. ಆಮೇಲೆ ಅದನ್ನೆತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

ಕಿವಿಯ ಕಡೆಯ ಸಂದಿಯಲ್ಲಿ, ಪಟ್ಟಿಯ ಬುಡದಲ್ಲಿ, ಮೆತ್ತೆಯ ಅಂಚಿನಲ್ಲಿ ತಿಳಿ ಹಳದಿ ಗೂಡುಗಳು ಒತ್ತಾಗಿ ಕೂತಿದ್ದವು. "ಇದು ಮೂರನೇ ಹಂತ ಮಿಸ್" ಎಂದಳು ಕೋಮಲ.

ಮಕ್ಕಳು ಬೆಂಚು ಹತ್ತಿ ಚಪ್ಪಾಳೆ ಹೊಡೆದರು. ಮಿಸ್ ಅವಳ ತಲೆ ಸವರಿ, ಇಷ್ಟು ಒಳ್ಳೆಯ ಧ್ವನಿಯನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ನೋಡದಂತೆ ಒರೆಸಿಕೊಂಡೆ. ಮಗಳು ಊರಮುಂದೆ ಅಪ್ಪನ ಮಾನ ಕಳೆದಾಗ ಇಷ್ಟು ಸಂತೋಷವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕನೇ ಹಂತ ನೋಡುವವರೆಗೆ, ಅಂದರೆ ಚಿಟ್ಟೆ ಹೊರಬರುವವರೆಗೆ, ಹೆಲ್ಮೆಟ್ ತರಗತಿಯಲ್ಲೇ ಇರಲಿ ಎಂದು ಮಿಸ್ ಇಟ್ಟುಕೊಂಡರು. ವಾಪಸು ಬರುವಾಗ ಸರ್ಕಲ್ಲಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ. ಹೆಲ್ಮೆಟ್ ಎಲ್ಲಿ ಎಂದ. "ಮೂರನೇ ಕ್ಲಾಸಲ್ಲಿ ಅದೆ ಸಾ, ಉಳ ಗೂಡು ಕಟ್ಟವೆ" ಎಂದೆ. ಅವನು ನನ್ನ ಮುಖದ ಕೆಂಪು ಗುಳ್ಳೆಗಳನ್ನು ಬಹಳ ಹೊತ್ತು ನೋಡಿದ. ಈ ಕಾರಣ ತಾನು ಕೇಳಿದ್ದರಲ್ಲೆಲ್ಲ ಹೊಸದು ಎಂದು ಮೆಚ್ಚಿಕೊಂಡೇ ರಸೀದಿ ಹರಿದ. ಮನೆಯಲ್ಲಿ ಯಶೋದ ಇನ್ನುಳಿದ ಗೂಡುಗಳನ್ನು ನನ್ನ ಕೊಡೆಯೊಳಗಿಂದ ಬಿಡಿಸುತ್ತ ಕೂತಿದ್ದಳು. "ಗುಂಡುಕಲ್ಲು" ಎಂದಷ್ಟೇ ಹೇಳಿ ಒಳಗೆ ಹೋದಳು.

ಸುದ್ದಿ ಅಂದೇ ಫೋನಿನಲ್ಲಿ ಯಳಂದೂರು ಕಡೆಗೆ ಹೋಗಿತ್ತು. ಮಾವ ಮಾರನೆಯ ದಿನವೇ ಬರಹೇಳಿದರು. ಹೋದೆವು. ನಾನು ಸೆಂಟಿರಲಿ, ಎಣ್ಣೆ ಕೂಡ ಹಚ್ಚಿರಲಿಲ್ಲ. ಹುಳುಮನೆಯ ಬಾಗಿಲು ತೆರೆಯಿತು. ಮಾವ ಮೊಮ್ಮಗಳ ಕೈ ತೊಳೆಸಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನೂ ಎದ್ದೆ. ಅತ್ತೆ ಕಾಫಿ ಲೋಟ ಕೈಗಿತ್ತು, ಅಳೀದೇವ್ರು ಜಗಲಿ ಮೇಲೇ ಕೂರಲಿ ಎಂದರು. ಕೂತೆ. ಪಕ್ಕದಲ್ಲಿ ಅವರ ಮನೆಯ ನಾಯಿ ಮಲಗಿತ್ತು. ಅದಕ್ಕೂ ಒಳಗೆ ಪ್ರವೇಶವಿಲ್ಲ.

ಸ್ವಲ್ಪ ಹೊತ್ತಿಗೆ ಕೋಮಲ ಬಾಗಿಲಲ್ಲಿ ಕಾಣಿಸಿಕೊಂಡಳು. "ಅಪ್ಪ, ಕೈಕಾಲು ತೊಳ್ಕಂಡ್ರೆ ನೀನು ಬಾಗಿಲ ಗಂಟ ಬರಬೋದಂತೆ. ತಾತ ಅಂತು."

ಇಷ್ಟು ವರ್ಷಕ್ಕೆ ಸಿಕ್ಕ ಬಡ್ತಿ! ಕಾಫಿ ಅಲ್ಲೇ ಬಿಟ್ಟು, ತೊಟ್ಟಿಯ ನೀರಲ್ಲಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದು ಓಡಿದೆ. ಹೊಸ್ತಿಲ ಹತ್ತಿರ ಮಗಳು, ಥೇಟ್ ಅವಳ ತಾತನ ಹಾಗೆಯೇ, ಕೈ ಅಡ್ಡ ಹಿಡಿದಳು.

"ಇಲ್ಲೇ ನಿಂತ್ಕಪ್ಪ. ನಾನು ಹೇಳ್ಕೊಡ್ತೀನಿ. ಮೊದಲು ಫೋನ್ ಜೇಬಲ್ಲಿ ಮಡಗು."